ರಾಜಕೀಯ ಬಿರುಕಿನ ಕಾರಣಮೀಮಾಂಸೆ: ಬೀದರ ಪ್ರಾಂತದ ಚರಿತ್ರೆಯನ್ನು ಕುರಿತ ಕೆಲವು ಗ್ರಂಥಗಳ ಪರಾಮರ್ಶೆ

ಒಂದು ನಾಡಿನ ಜನ ತಮ್ಮೊಳಗೇ ಎರಡಾಗಿ ಒಡೆದು, ನೆರೆಯವರನ್ನು ಹಗೆಗಳೆಂದು ಎಣಿಸುವ ಸ್ಥಿತಿಗೆ ಬರಲು ಕಾರಣವೇನೆಂಬ ಪ್ರಶ್ನೆಗೆ ನಮ್ಮ ಚರಿತ್ರೆಯ ಗ್ರಂಥಗಳು ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತವೆ. ಮತಭೇದವೆಂಬುದು ಒಂದು, ಭಾಷಾಭೇದವೆಂಬುದು ಇನ್ನೊಂದು. ಈ ಉತ್ತರಗಳನ್ನು ಒರೆಗೆ ಹಚ್ಚಿ ನೋಡಲು ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳಿಗಿಂತ ತಕ್ಕ ಪ್ರದೇಶ ಕನ್ನಡ ನಾಡಿನಲ್ಲಿ ದೊರೆಯುವುದು ಕಷ್ಟ. ಇಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಮನೆಮಾತುಗಳು. ತಾಂಡಾಗಳಲ್ಲಿ ಲಂಬಾಣಿಯೂ ಸೇರಿದರೆ ಐದು. ಲಿಂಗಾಯತರು, ಮರಾಠರು, ಮುಸಲ್ಮಾನರು, ದಲಿತರು, ಸಿಖ್ಖರು ಒಂದೇ ಸಂತೆಯಲ್ಲಿ ವ್ಯವಹರಿಸುತ್ತಾರೆ. ಭೇದವಿದ್ದಲ್ಲೆಲ್ಲ ಬಿರುಕು ಹುಟ್ಟುವುದೇ ನಿಯಮವಾಗಿದ್ದರೆ ಈ ಪ್ರದೇಶ ಐದು ನೂರು ವರ್ಷಗಳಿಂದ ಎಡೆಬಿಡದೆ ಒಡೆಯುತ್ತಲೇ ಇರಬೇಕಾಗಿತ್ತು. ಹಾಗಾಗಿಲ್ಲ. ಬೀದರದ ಬಳಿಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಉರುಸಿಗೆ ಕಲಬುರಗಿ ಕಡೆಯ ಮಾಡಿಯಾಳದ ಜಂಗಮರು ಬಂದು ಮುಂದಾಳಾಗುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ಆದರೂ ಇದೇ ನೆಲ ಕೆಲವು ಕಾಲಗಳಲ್ಲಿ ಭೀಕರವಾಗಿ ಒಡೆದಿದೆ. ಭೇದವು ಯಾವಾಗಲೂ ಇದ್ದು, ಬಿರುಕು ಕೆಲವೊಮ್ಮೆ ಮಾತ್ರ ಉಂಟಾಗುವುದಾದರೆ, ಭೇದವೊಂದನ್ನೇ ಕಾರಣವೆನ್ನುವುದು ತರ್ಕಕ್ಕೆ ನಿಲ್ಲದು.

ಭೂಮಿ, ಸರ್ಕಾರಿ ಹುದ್ದೆ, ಆಡಳಿತದ ಭಾಷೆ, ಮತ ಎಂಬ ಗೆರೆಗಳು ಒಂದನ್ನೊಂದು ಅಡ್ಡಹಾಯ್ದು ಹೋಗುತ್ತಿರುವವರೆಗೆ ನಾಡು ತಾಳಿಕೊಳ್ಳುತ್ತದೆ. ಅವೆಲ್ಲವೂ ಒಂದೇ ಗೆರೆಯ ಮೇಲೆ ಬಂದು ಬಿದ್ದಾಗ ಆ ಗೆರೆಯುದ್ದಕ್ಕೂ ಬಿರುಕು ಬಿಡುತ್ತದೆ ಎಂಬುದು ನಮ್ಮ ವಾದ. ಇದು ಹೊಸ ತತ್ತ್ವವೇನೂ ಅಲ್ಲ. ಜರ್ಮನಿಯ ಗೇಯೋರ್ಗ್ ಸಿಮ್ಮೆಲ್ ಇದರ ಬೀಜವನ್ನು ಬಿತ್ತಿದ್ದನು. ಅಮೆರಿಕದ ಸೀಮೂರ್ ಲಿಪ್ಸೆಟ್ಟರು 1960ರ ತಮ್ಮ ‘ಪೊಲಿಟಿಕಲ್ ಮ್ಯಾನ್’ ಗ್ರಂಥದಲ್ಲಿ ಇದನ್ನು ಪ್ರಜಾಪ್ರಭುತ್ವದ ಸ್ಥಿರತೆಗೆ ಅನ್ವಯಿಸಿದರು. ಬೀದರವನ್ನು ಕುರಿತು ಬರೆದವರು ಈ ದೃಷ್ಟಿಯನ್ನು ಎಷ್ಟರಮಟ್ಟಿಗೆ ಕಂಡಿದ್ದಾರೆ, ಎಲ್ಲಿ ಕಾಣದೆ ಹೋಗಿದ್ದಾರೆ ಎಂಬುದನ್ನು ವಿಚಾರಿಸುವುದಷ್ಟೇ ಇಲ್ಲಿ ನಮ್ಮ ಉದ್ದೇಶ.

ಮೊದಲು ಹಳೆಯ ನಿದರ್ಶನವೊಂದು. 15ನೆಯ ಶತಮಾನದಲ್ಲಿ ಬೀದರ ಬಹಮನಿ ರಾಜ್ಯದ ರಾಜಧಾನಿಯಾಗಿದ್ದಾಗ ಆಸ್ಥಾನವು ದಖನಿಗಳು, ಅಫಾಕಿಗಳು ಎಂಬ ಎರಡು ಪಕ್ಷಗಳಾಗಿ ಸೀಳಿತ್ತು. ದಖನಿಗಳೆಂದರೆ ತಲೆಮಾರುಗಳಿಂದ ಇಲ್ಲಿ ನೆಲೆಸಿದ ಸರದಾರರು ಮತ್ತು ಇಲ್ಲಿಯೇ ಇಸ್ಲಾಮಿಗೆ ಸೇರಿದವರು. ಅಫಾಕಿಗಳೆಂದರೆ ಇರಾನ್, ಇರಾಕ್, ಮಧ್ಯ ಏಷ್ಯಗಳಿಂದ ಬಂದು ಸೇವೆಗೆ ಸೇರಿದವರು. ಶಿಯಾ–ಸುನ್ನಿ ಭೇದವೂ ಇದರೊಡನೆ ಹೆಣೆದುಕೊಂಡಿತ್ತಾದರೂ ಪಕ್ಷಗಳಿಗೆ ಹೆಸರು ಬಂದದ್ದು ಹುಟ್ಟಿದ ನಾಡಿನಿಂದ. ಎಚ್. ಕೆ. ಶೇರ್ವಾನಿಯವರು 1942ರಲ್ಲಿ ಮಹಮೂದ್ ಗವಾನನ ಜೀವನವನ್ನೂ, 1953ರಲ್ಲಿ ಬಹಮನಿ ಚರಿತ್ರೆಯನ್ನೂ ಬರೆದು ಈ ಪಕ್ಷಭೇದವನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ. ಗವಾನನು ಅಫಾಕಿ, ಆದರೂ ಹುದ್ದೆಗಳನ್ನು ಎರಡು ಪಕ್ಷಗಳಿಗೂ ಹಂಚಿ ಸಮತೂಕ ಸಾಧಿಸಲು ಯತ್ನಿಸಿದನು. ನಾಲ್ಕಿದ್ದ ತರಫುಗಳನ್ನು ಎಂಟು ಮಾಡಿದನು. ತರಫುದಾರರ ಕೈಯಲ್ಲಿದ್ದ ಕೋಟೆಗಳನ್ನು ಬಿಡಿಸಿ ಸುಲ್ತಾನನ ವಶಕ್ಕೆ ತಂದನು. 1481ರಲ್ಲಿ ಕೂಟಪತ್ರವೊಂದರ ಆಧಾರದ ಮೇಲೆ ಅವನ ತಲೆ ಹಾರಿತು. ಸುಲ್ತಾನನೂ ಮರುವರ್ಷವೇ ತೀರಿಕೊಂಡನು. ಅಲ್ಲಿಂದ ಮುಂದಿನ ಕೆಲವು ದಶಕಗಳಲ್ಲಿ ರಾಜ್ಯ ಐದಾಯಿತು.

ಶೇರ್ವಾನಿಯವರಿಗೆ ಗವಾನನ ಮೇಲಿರುವ ಪ್ರೀತಿ ಪುಟಪುಟದಲ್ಲಿಯೂ ಕಾಣುತ್ತದೆ; ಬೀದರದ ಮದರಸಾವನ್ನು ಕಂಡವರು ಆ ಪ್ರೀತಿಯನ್ನು ತಪ್ಪೆನ್ನಲಾರರು. ಆದರೆ ಆ ಪ್ರೀತಿಯಿಂದಾಗಿ ಇಡೀ ಕಥೆ ಒಬ್ಬ ಸಜ್ಜನನ ವಿರುದ್ಧ ನಡೆದ ಒಳಸಂಚಿನ ಕಥೆಯಾಗಿ ಮಾರ್ಪಡುತ್ತದೆ. ನಮಗೆ ಮುಖ್ಯವಾದ ಸಂಗತಿ ಬೇರೆ. ಪರಸ್ಪರ ಕೊಲೆಗೆ ನಿಂತ ಎರಡು ಪಕ್ಷಗಳೂ ಒಂದೇ ಮತದವು, ಒಂದೇ ದರಬಾರಿನವು. ಬೇರೆಯಾಗಿದ್ದುದು ಹುಟ್ಟು, ಆ ಹುಟ್ಟಿಗೆ ಹುದ್ದೆಯೂ ಜಹಗೀರೂ ಅಂಟಿಕೊಂಡಿದ್ದವು. ಗವಾನನ ಸುಧಾರಣೆಗಳು ಸೋತದ್ದು ಅವು ಅಧಿಕಾರಿಗಳನ್ನು ಹಂಚಿದರೂ ಪಕ್ಷದ ಗೆರೆಯನ್ನು ಒಪ್ಪಿಕೊಂಡೇ ಹಂಚಿದ್ದರಿಂದ. ಇಂತಿಷ್ಟು ದಖನಿಗಳಿಗೆ, ಇಂತಿಷ್ಟು ಅಫಾಕಿಗಳಿಗೆ ಎಂಬ ಲೆಕ್ಕ ಆ ಗೆರೆಯನ್ನು ಮತ್ತಷ್ಟು ಒತ್ತಿ ಬರೆಯಿತು. ಅದೇ ಕಾಲದಲ್ಲಿ ಬೀದರಕ್ಕೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ಸರದಾರರ ವೈಭವವನ್ನೂ ಹಳ್ಳಿಗರ ದೈನ್ಯವನ್ನೂ ಒಟ್ಟಿಗೆ ಕಂಡು ಬರೆದಿದ್ದಾನೆ. ಆ ಹಳ್ಳಿಗರಿಗೆ ಈ ಪಕ್ಷಗಳಲ್ಲಿ ಪಾಲಿರಲಿಲ್ಲ. ಆದುದರಿಂದ ಬಿರುಕು ಅರಮನೆಯನ್ನು ಒಡೆಯಿತೇ ಹೊರತು ಊರನ್ನು ಒಡೆಯಲಿಲ್ಲ.

1948ರಲ್ಲಿ ಒಡೆದದ್ದು ಊರು. ಈ ವ್ಯತ್ಯಾಸವನ್ನು ವಿವರಿಸಬಲ್ಲ ಗ್ರಂಥವೇ ಉತ್ತಮವೆಂಬ ಅಳತೆಗೋಲನ್ನು ಹಿಡಿದರೆ, ಹೈದರಾಬಾದು ಸಂಸ್ಥಾನದ ಪತನವನ್ನು ಕುರಿತ ಪ್ರಸಿದ್ಧ ಪುಸ್ತಕಗಳಲ್ಲಿ ಹಲವು ಹಿಂದೆ ಬೀಳುತ್ತವೆ. 1948ರ ಆರಂಭದಿಂದ ಭಾರತ ಸರ್ಕಾರದ ಪ್ರತಿನಿಧಿಯಾಗಿ ಹೈದರಾಬಾದಿನಲ್ಲಿದ್ದ ಕೆ. ಎಂ. ಮುನ್ಷಿಯವರು 1957ರಲ್ಲಿ ಬರೆದ ‘ದಿ ಎಂಡ್ ಆಫ್ ಆನ್ ಎರಾ’, ನಿಜಾಮರ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿಯವರು ಪಾಕಿಸ್ತಾನದಲ್ಲಿದ್ದುಕೊಂಡು 1962ರಲ್ಲಿ ಪ್ರಕಟಿಸಿದ ‘ಟ್ರ್ಯಾಜಿಡಿ ಆಫ್ ಹೈದರಾಬಾದ್’ ಇವೆರಡೂ ಒಂದಕ್ಕೊಂದು ವಾದಿ–ಪ್ರತಿವಾದಿಗಳಂತೆ ಕಂಡರೂ ದೃಷ್ಟಿಯಲ್ಲಿ ಸಹೋದರರು. ಎರಡೂ ಪುಸ್ತಕಗಳು ರಾಜಧಾನಿಯ ಕಿಟಕಿಯಿಂದ ನೋಡುತ್ತವೆ: ಪತ್ರವ್ಯವಹಾರ, ಸಂಧಾನ, 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ, ಅದರ ಭಂಗ. ಭಾಲ್ಕಿಯ ಹೊಲ, ಔರಾದದ ಚಾವಡಿ ಇವುಗಳಲ್ಲಿ ಎಲ್ಲಿಯೂ ಇಣುಕುವುದಿಲ್ಲ. ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾದ ಸ್ವಾಮಿ ರಮಾನಂದ ತೀರ್ಥರ 1967ರ ಆತ್ಮವೃತ್ತಾಂತ ಜನರಿಗೆ ಹೆಚ್ಚು ಹತ್ತಿರವಾದುದು. ಆದರೆ ಹೋರಾಟಗಾರರ ಬರಹಕ್ಕೆ ಸಹಜವಾದಂತೆ ಅದರಲ್ಲಿ ಎದುರು ಪಕ್ಷದ ಸಾಮಾನ್ಯ ಮನುಷ್ಯನು ಏಕೆ ಎದುರು ಪಕ್ಷಕ್ಕೆ ಹೋದನೆಂಬ ವಿಚಾರ ಕಡಿಮೆ.

ಆ ಹೊಲವನ್ನೇ ನೋಡೋಣ. ಸಂಸ್ಥಾನದ ಭೂಮಿಯಲ್ಲಿ ಸುಮಾರು ನೂರಕ್ಕೆ 60 ಪಾಲು ದಿವಾನಿ, ನೂರಕ್ಕೆ 10 ಪಾಲು ನಿಜಾಮರ ಸ್ವಂತದ ಸರ್ಫ್–ಎ–ಖಾಸ್, ಉಳಿದದ್ದು ಜಹಗೀರು. ಬೀದರ ಜಿಲ್ಲೆಯಲ್ಲಿ ಜಹಗೀರು ಮತ್ತು ಪಾಯಿಗಾಗಳ ಪಾಲು ಸಂಸ್ಥಾನದ ಸರಾಸರಿಗಿಂತ ಹೆಚ್ಚು. ನಿಜಾಮರ ಸೇನಾದಳದ ಪೋಷಣೆಗೆಂದು ಕೊಟ್ಟ ದೊಡ್ಡ ಉಂಬಳಿಗೆ ಪಾಯಿಗಾ ಎಂದು ಹೆಸರು. ಅಲ್ಲಿ ಕಂದಾಯ, ಪೋಲೀಸು, ಅನೇಕ ವೇಳೆ ನ್ಯಾಯವಿಚಾರಣೆ ಕೂಡ ಜಹಗೀರುದಾರನ ಕಡೆಯವು. ಒಕ್ಕಲಿಗನು ಯಾವುದನ್ನು ದೂರಿಕೊಳ್ಳಬೇಕಾದರೂ ಒಬ್ಬನ ಬಾಗಿಲಿಗೇ ಹೋಗಬೇಕು. ಸಂಸ್ಥಾನದ ಜನಸಂಖ್ಯೆಯಲ್ಲಿ ಮುಸಲ್ಮಾನರು ನೂರಕ್ಕೆ 13ರಷ್ಟು. ಮೇಲಿನ ಹುದ್ದೆಗಳಲ್ಲಿ ಬಹುಭಾಗ ಅವರದು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿಯೂ ಬೋಧನೆ ಉರ್ದುವಿನಲ್ಲಿ. ಕನ್ನಡ, ಮರಾಠಿ, ತೆಲುಗು ಮಾತಾಡುವ ಹುಡುಗನಿಗೆ ಗುಮಾಸ್ತೆಯ ಕುರ್ಚಿಯೂ ಪರಭಾಷೆಯ ಆಚೆಗಿತ್ತು.

ಆದರೂ ಗೆರೆಗಳು ಇನ್ನೂ ಪೂರ್ತಿಯಾಗಿ ಕೂಡಿಕೊಂಡಿರಲಿಲ್ಲವೆಂಬುದನ್ನು ಗಮನಿಸಬೇಕು. ಊರಿನ ಪಾಟೀಲ, ಪಟವಾರಿ, ದೇಶಮುಖ, ದೇಶಪಾಂಡೆಗಳ ವತನುಗಳು ಬಹುಮಟ್ಟಿಗೆ ಹಿಂದುಗಳ ಕೈಯಲ್ಲಿದ್ದವು. ಜಹಗೀರುದಾರನ ಹೆಸರಿನಲ್ಲಿ ರೈತನನ್ನು ಹಿಂಡುತ್ತಿದ್ದ ಕೈ ಆ ರೈತನ ಮತದವನದೇ ಆಗಿರುತ್ತಿತ್ತು. ಅತ್ತ ಬಹುಸಂಖ್ಯೆಯ ಮುಸಲ್ಮಾನರು ನೇಕಾರರು, ಬಿದರಿ ಕೆಲಸದವರು, ಕೂಲಿಗಳು, ಜವಾನರು. ಅವರಿಗೆ ಜಹಗೀರೂ ಇಲ್ಲ, ಜಮೀನೂ ಇಲ್ಲ. ಹೀಗೆ ಅಡ್ಡಹಾಯುತ್ತಿದ್ದ ಗೆರೆಗಳನ್ನು ಒಂದುಗೂಡಿಸಿದ ಶಕ್ತಿಗಳೇನೆಂಬುದೇ ಪ್ರಶ್ನೆಯ ತಿರುಳು.

ನಮ್ಮ ದೃಷ್ಟಿಯಲ್ಲಿ ಎರಡು ಶಕ್ತಿಗಳು ಪ್ರಧಾನ. ಮೊದಲನೆಯದು ರಾಜ್ಯವೇ ಗೆರೆಯೆಳೆದದ್ದು. 1939ರಲ್ಲಿ ಘೋಷಿಸಿ 1946ರಲ್ಲಿ ಆಚರಣೆಗೆ ತಂದ ಶಾಸನಸುಧಾರಣೆಯಲ್ಲಿ ವೃತ್ತಿ, ಹಿತಾಸಕ್ತಿಗಳ ಆಧಾರದ ಪ್ರಾತಿನಿಧ್ಯವೆಂದು ಹೇಳುತ್ತಲೇ ಹಿಂದೂ–ಮುಸಲ್ಮಾನರಿಗೆ ಸಮಸಂಖ್ಯೆಯ ಸ್ಥಾನಗಳನ್ನು ಕೊಡಲಾಯಿತು. ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಹುಟ್ಟುವ ಹೊತ್ತಿಗೇ ನಿಷೇಧಿಸಿದುದರಿಂದ ಮತಾತೀತವಾಗಿ ಕೂಡುವ ದಾರಿಯೊಂದು ಮುಚ್ಚಿತು. ಅದೇ ವರ್ಷ ಉದಗಿರದ ಆರ್ಯಸಮಾಜದ ನಾಯಕ ಭಾಯಿ ಶ್ಯಾಮಲಾಲರು ಬೀದರದ ಸೆರೆಮನೆಯಲ್ಲಿ ಸತ್ತರು. ಮತದ ಹೆಸರಿನ ಸತ್ಯಾಗ್ರಹಕ್ಕೆ ಕಿಚ್ಚು ಹತ್ತಿತು. ಸಭೆ ಸೇರಲು ರಾಜಕೀಯಕ್ಕೆ ಅನುಮತಿಯಿಲ್ಲದಲ್ಲಿ ಜನ ಮತದ ಚಾವಣಿಯ ಕೆಳಗೆ ಸೇರುವುದು ಸ್ವಾಭಾವಿಕ. ಎರಡನೆಯದು ಇತ್ತೆಹಾದುಲ್ ಮುಸ್ಲಿಮೀನ್ ಸಂಸ್ಥೆ ಹರಡಿದ ಸಿದ್ಧಾಂತ. ಬಹಾದುರ್ ಯಾರ್ ಜಂಗರ ಕಾಲದಲ್ಲಿ ಅದು ಸಂಸ್ಥಾನದ ಒಡೆತನ ನಿಜಾಮನೊಬ್ಬನದಲ್ಲ, ಪ್ರತಿಯೊಬ್ಬ ಮುಸಲ್ಮಾನನೂ ಅದರ ಪಾಲುದಾರನೆಂದು ಸಾರಿತು. ಮಗ್ಗದ ಮುಂದೆ ಕುಳಿತ ಬಡವನಿಗೆ ಭೂಮಿ ಕೊಡಲಿಲ್ಲ, ಹುದ್ದೆ ಕೊಡಲಿಲ್ಲ. ದೊರೆತನದಲ್ಲಿ ಒಂದು ಕಾಲ್ಪನಿಕ ಪಾಲನ್ನು ಕೊಟ್ಟಿತು. ಅವನ ಬದುಕು ನೆರೆಯ ಹಿಂದೂ ನೇಕಾರನ ಬದುಕಿಗೆ ಸಮೀಪವಾಗಿದ್ದರೂ ಮಾನ ಮಾತ್ರ ಜಹಗೀರುದಾರನ ಮಾನದೊಡನೆ ಗಂಟುಬಿದ್ದಿತು. 1946ರಲ್ಲಿ ಲಾತೂರಿನ ವಕೀಲ ಖಾಸಿಂ ರಜವಿ ಸಂಸ್ಥೆಯ ಅಧ್ಯಕ್ಷನಾದ ಮೇಲೆ ಈ ಗಂಟಿಗೆ ಆಯುಧವೂ ಸೇರಿತು. ಲಾತೂರು ಅಂದಿನ ಬೀದರ ಜಿಲ್ಲೆಯ ಮಗ್ಗುಲಿನ ಊರೇ ಆದುದರಿಂದ ರಜಾಕಾರರ ಪ್ರಾಬಲ್ಯ ಈ ಭಾಗದಲ್ಲಿ ವಿಶೇಷವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಅವರ 1950ರ ಪ್ರಬಂಧವು ಇತ್ತೆಹಾದಿನ ಈ ಮಾನಸಿಕ ಹಿಡಿತವನ್ನು ಗುರುತಿಸುತ್ತದೆ. ನಾವು ನೋಡಿದ ಬರಹಗಳಲ್ಲಿ ಸಾಮಾನ್ಯ ಮುಸಲ್ಮಾನನನ್ನು ಮನುಷ್ಯನೆಂದು ಕಂಡು ವಿವರಿಸಿದ ಮೊದಲ ಬರಹ ಅದೇ.

ಭಾಷೆಯ ಗೆರೆ ಇದರಲ್ಲಿ ಹೇಗೆ ಸೇರಿತು? ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಸರ್ವವಿದಿತ. ನಮ್ಮಲ್ಲಿ ಇದನ್ನು ಕನ್ನಡಾಭಿಮಾನದ ಕಥೆಯಾಗಿ ಹೇಳುವುದು ವಾಡಿಕೆ, ಅದು ಸರಿಯೇ. ಆದರೆ ಆ ಫಲಕ ಇನ್ನೊಂದನ್ನೂ ಹೇಳುತ್ತದೆ. ಉರ್ದು ಬೀದರದ ಬೀದಿಗೆ ಪರಕೀಯವಾದ ನುಡಿಯಲ್ಲ. ದಖನಿ ಉರ್ದು ಬೆಳೆದ ನೆಲವೇ ಇದು. ಅದೇ ನುಡಿ ಅಪ್ಪಣೆಚೀಟಿಯ ನುಡಿಯಾದಾಗ, ಇನ್ನೊಂದು ನುಡಿಯನ್ನು ಮರೆಯಲ್ಲಿ ಕಲಿಸಬೇಕಾದಾಗ, ಅದು ಒಂದು ಪಕ್ಷದ ಸೊತ್ತೆಂದು ಕಾಣತೊಡಗಿತು. ಏತನ್ಮಧ್ಯೆ ಕನ್ನಡ, ಮರಾಠಿ, ತೆಲುಗುಗಳ ನಡುವಿನ ಭೇದ ಮಲಗಿಯೇ ಇತ್ತು: ಕರ್ನಾಟಕ ಪರಿಷತ್ತು, ಮಹಾರಾಷ್ಟ್ರ ಪರಿಷತ್ತು, ಆಂಧ್ರ ಮಹಾಸಭೆ ಮೂರೂ ಒಂದೇ ಕಡೆಗೆ ನಿಂತವು. ಭಾಷಾಭೇದ ತಾನಾಗಿಯೇ ಬಿರುಕಿಗೆ ಕಾರಣವಾಗುವುದಾದರೆ ಈ ಮೂವರೂ ಕೂಡಿ ನಿಂತದ್ದನ್ನು ವಿವರಿಸುವುದು ಹೇಗೆ?

ಮುಂದೆ ನಡೆದದ್ದು ತಿಳಿದ ವಿಷಯ. 1948ರ ಮೇ ತಿಂಗಳಲ್ಲಿ ಇಂದಿನ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದ ಮೇಲೆ ರಜಾಕಾರರು ಬಿದ್ದರು. ಸುಮಾರು 200 ಜನ ಸತ್ತರೆಂಬುದು ಆ ಊರಿನ ನೆನಪು. ಗಡಿ ದಾಟಿ ಸೊಲ್ಲಾಪುರದ ಕಡೆಗೆ ಓಡಿದವರು ಅಪಾರ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. ಅದರ ಮುಖ್ಯ ದಳ ನಳದುರ್ಗ, ಹುಮನಾಬಾದುಗಳ ದಾರಿಯಾಗಿ ಬಂದಿತು. 17ರಂದು ನಿಜಾಮರು ಕದನವಿರಾಮ ಘೋಷಿಸಿದರು. ಅದರ ಬೆನ್ನಿಗೇ ಸೇಡಿನ ಕೊಲೆ ಮೊದಲಾಯಿತು. ಪಂಡಿತ ಸುಂದರಲಾಲ, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರ ಸಮಿತಿ ಅದೇ ವರ್ಷದ ಕೊನೆಯಲ್ಲಿ 16 ಜಿಲ್ಲೆಗಳಲ್ಲಿ 9ನ್ನು ಸಂಚರಿಸಿ, ಕಾರ್ಯಾಚರಣೆಯ ಕಾಲದಲ್ಲಿಯೂ ಆಮೇಲೆಯೂ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದ ನಡುವೆ ಅಂದಾಜು ಮಾಡಿತು. ಉಸ್ಮಾನಾಬಾದು, ಕಲಬುರಗಿ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳಲ್ಲಿಯೇ 18,000ಕ್ಕೆ ಕಡಿಮೆಯಿಲ್ಲವೆಂದಿತು. ಸರ್ಕಾರ ವರದಿಯನ್ನು ಪ್ರಕಟಿಸಲಿಲ್ಲ, 2013ರಲ್ಲಿ ಎ. ಜಿ. ನೂರಾನಿಯವರ ‘ದಿ ಡಿಸ್ಟ್ರಕ್ಷನ್ ಆಫ್ ಹೈದರಾಬಾದ್’ ಗ್ರಂಥದ ಅನುಬಂಧವಾಗಿ ಅದು ಓದುಗರ ಕೈಗೆ ಬಂದಿತು.

ಈ ವರದಿಯನ್ನು ಎರಡು ಕಡೆಯವರೂ ಅಂಕಿಗಾಗಿ ಮಾತ್ರ ಓದುತ್ತಾರೆ. ಒಬ್ಬರು ಅಂಕಿಯನ್ನು ಹಿಗ್ಗಿಸಲು, ಇನ್ನೊಬ್ಬರು ಕುಗ್ಗಿಸಲು. ಗೋರ್ಟಾವನ್ನು ನೆನೆಯುವವರು ಸೆಪ್ಟೆಂಬರಿನ ಕೊನೆಯ ವಾರಗಳನ್ನು ಬಿಡುತ್ತಾರೆ. ಆ ವಾರಗಳನ್ನು ನೆನೆಯುವವರು ಗೋರ್ಟಾವನ್ನು ಬಿಡುತ್ತಾರೆ. ನಮ್ಮ ಕಾಲೇಜುಗಳ ತರಗತಿಯಲ್ಲಿ ಎರಡೂ ಮನೆತನಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವಾಗ ಈ ಅರೆ ಓದಿನಿಂದ ಪಾಠ ಹೇಳುವುದು ಹೇಗೆಂಬುದು ಅಧ್ಯಾಪಕರಿಗೆ ನಿಜವಾದ ಸಂಕಟ. ಆದರೆ ವರದಿಯಲ್ಲಿ ಅಂಕಿಗಿಂತ ಬೆಲೆಯುಳ್ಳ ಮಾತೊಂದಿದೆ. ತಮ್ಮ ಪ್ರಾಣವನ್ನು ಲೆಕ್ಕಿಸದೆ ಮುಸಲ್ಮಾನರನ್ನು ಕಾಪಾಡಿದ ಹಿಂದುಗಳನ್ನು ಹೇಳುತ್ತ, ಒಂದೇ ಕಸುಬಿನವರಲ್ಲಿ ಈ ಅನುಕಂಪ ಬಲವಾಗಿದ್ದಿತೆಂದೂ, ಕೆಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರವಾಗಿ ಹಿಂದುಗಳನ್ನೇ ಎದುರಿಸಿ ಸತ್ತದ್ದೂ ಉಂಟೆಂದೂ ಸಮಿತಿ ದಾಖಲಿಸಿದೆ. ಲಿಪ್ಸೆಟ್ಟರ ಗ್ರಂಥಕ್ಕೆ 12 ವರ್ಷ ಮೊದಲೇ, ಸಿದ್ಧಾಂತದ ಗೊಡವೆಯಿಲ್ಲದ ಮೂವರು ಪ್ರವಾಸಿಗಳು ಅದರ ತಿರುಳನ್ನು ಕಣ್ಣಾರೆ ಕಂಡು ಬರೆದಂತಾಯಿತು. ಅಡ್ಡಗೆರೆ ಎಲ್ಲಿ ಅಳಿಯದೆ ಉಳಿದಿತ್ತೋ ಅಲ್ಲಿ ಬಿರುಕು ನಿಂತಿತು. ನೂರಾನಿಯವರು ವರದಿಯನ್ನು ಬೆಳಕಿಗೆ ತಂದ ಉಪಕಾರ ದೊಡ್ಡದು; ಈ ಸಾಲುಗಳ ಮೇಲೆ ಅವರು ತಮ್ಮ ವಾದವನ್ನು ಕಟ್ಟಿದ್ದರೆ ಗ್ರಂಥ ಇನ್ನೂ ಗಟ್ಟಿಯಾಗುತ್ತಿತ್ತು.

ಮತದ ಗೆರೆಯೂ ಪೂರ್ಣವಾಗಿರಲಿಲ್ಲವೆಂಬುದಕ್ಕೆ ರಾಜಧಾನಿಯಲ್ಲಿಯೂ ಸಾಕ್ಷಿಗಳುಂಟು. ವಿಲೀನವನ್ನು ಬೆಂಬಲಿಸಿ ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಕೊಂದವರು ರಜಾಕಾರರೇ. ಅತ್ತ ದಲಿತ ನಾಯಕ ಬಿ. ಎಸ್. ವೆಂಕಟರಾವ್ ಲಾಯಕ್ ಅಲಿಯವರ ಮಂತ್ರಿಮಂಡಲದಲ್ಲಿದ್ದರು.

ಇನ್ನು 1956. ಇಲ್ಲಿ ನಮ್ಮ ವಾದಕ್ಕೆ ಮತ್ತೊಂದು ಬಗೆಯ ಪರೀಕ್ಷೆ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗವು ಕಲಬುರಗಿ, ರಾಯಚೂರು ಜಿಲ್ಲೆಗಳನ್ನು ಕರ್ನಾಟಕಕ್ಕೆ ಸೇರಿಸಿ, ಬೀದರವನ್ನು ಮಾತ್ರ ತೆಲುಗು ಜಿಲ್ಲೆಗಳೊಡನೆ ಉಳಿಕೆ ಹೈದರಾಬಾದು ರಾಜ್ಯದಲ್ಲಿಯೇ ಇರಿಸಬೇಕೆಂದಿತ್ತು. ಯಾವೊಂದು ಭಾಷೆಗೂ ಬಹುಮತವಿಲ್ಲದ ಜಿಲ್ಲೆಯನ್ನು ಭಾಷೆಯ ಕತ್ತರಿಗೆ ಕೊಡಲು ಆಯೋಗ ಹಿಂಜರಿಯಿತೆಂದು ತೋರುತ್ತದೆ. ಕಾಯಿದೆ ಹಿಂಜರಿಯಲಿಲ್ಲ. ಅಹಮದಪುರ, ನಿಲಂಗಾ, ಉದಗಿರ ತಾಲ್ಲೂಕುಗಳು ಮುಂಬಯಿಗೆ, ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದು ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತ ಇವು ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಒಂದು ಕಡೆ ತಾಲ್ಲೂಕೇ ಅಳತೆ, ಇನ್ನೊಂದು ಕಡೆ ಕಂದಾಯ ವೃತ್ತವೇ ಅಳತೆ. ಹಳ್ಳಿಯನ್ನೇ ಅಳತೆಯಾಗಿ ಹಿಡಿಯಬೇಕೆಂಬ ಮಹಾರಾಷ್ಟ್ರದ ವಾದಕ್ಕೆ ಈ ಅಸಮತೆ ನೆಲೆಯೊದಗಿಸಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗದ ವರದಿ ಮರುವರ್ಷ ಬಂದರೂ ವಿವಾದ ಮುಗಿಯಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

ಈ ಲೆಕ್ಕದಲ್ಲಿ ಭಾಲ್ಕಿ, ಔರಾದಗಳು ಬೆಳಗಾವಿಯಂತೆ ಕುದಿಯಬೇಕಾಗಿತ್ತು. ಗಡಿ ಮನೆಬಾಗಿಲಲ್ಲಿದೆ; ಮರಾಠಿ ಮನೆಗಳು ಬೇಕಾದಷ್ಟಿವೆ. ಆದರೆ ಬೆಳಗಾವಿಯಲ್ಲಿ ಹಲವು ಚುನಾವಣೆಗಳನ್ನು ಗೆದ್ದ ಭಾಷಾಪಕ್ಷದ ರಾಜಕೀಯ ಇಲ್ಲಿ ಹಾಗೆ ಬೇರುಬಿಡಲಿಲ್ಲ. ಕಾರಣ, ಭಾಷೆಯ ಗೆರೆ ಇಲ್ಲಿ ಬೇರಾವ ಗೆರೆಯ ಮೇಲೂ ಕೂಡಲಿಲ್ಲ. ಮರಾಠಿ ಮನೆಮಾತಿನ ಲಿಂಗಾಯತರಿದ್ದಾರೆ. ಕನ್ನಡದಲ್ಲಿ ವ್ಯವಹರಿಸುವ ಮರಾಠ ರೈತರಿದ್ದಾರೆ. ಉದಗಿರಕ್ಕೆ ಹೆಣ್ಣು ಕೊಟ್ಟವರೂ ಅಲ್ಲಿಂದ ತಂದವರೂ ಎರಡು ಭಾಷೆಯವರಲ್ಲಿಯೂ ಇದ್ದಾರೆ. 1949ರ ಜಹಗೀರು ರದ್ದತಿ, 1950ರ ಗೇಣಿ ಕಾಯಿದೆಗಳ ಲಾಭನಷ್ಟ ಭಾಷೆಯನ್ನು ನೋಡಿ ಬರಲಿಲ್ಲ. 2008ರಿಂದ ಔರಾದ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದ ಮೇಲೆ ಕನ್ನಡ–ಮರಾಠಿ ಸ್ಪರ್ಧೆಗೆ ಅಲ್ಲಿ ಇನ್ನಷ್ಟು ಕಡಿಮೆ ಎಡೆ.

ಇದಕ್ಕೆ ಒಂದು ಆಕ್ಷೇಪವುಂಟು. ಅರೆಂಡ್ ಲೈಪ್‌ಹಾರ್ಟರು 1968ರ ತಮ್ಮ ಗ್ರಂಥದಲ್ಲಿ ಹಾಲೆಂಡಿನ ಸಮಾಜ ಮತದ ಗೆರೆಯುದ್ದಕ್ಕೂ ಶಾಲೆ, ಪತ್ರಿಕೆ, ಪಕ್ಷ, ಕಾರ್ಮಿಕ ಸಂಘಗಳಲ್ಲೆಲ್ಲ ಬೇರ್ಪಟ್ಟಿದ್ದರೂ ಒಡೆಯಲಿಲ್ಲವೆಂದು ತೋರಿಸಿದ್ದಾರೆ. ಅಲ್ಲಿ ನಾಯಕರ ಒಪ್ಪಂದ ನಾಡನ್ನು ಹಿಡಿದಿಟ್ಟಿತು. ಒಪ್ಪತಕ್ಕ ಮಾತು. ಆದರೆ ಒಪ್ಪಂದ ಮಾಡಿಕೊಳ್ಳುವ ನಾಯಕರು ಸೆರೆಮನೆಯ ಹೊರಗಿರಬೇಕು; ಹೈದರಾಬಾದಿನಲ್ಲಿ ಒಂದು ಪಕ್ಷದ ನಾಯಕರು ಒಳಗಿದ್ದರು, ಇನ್ನೊಂದು ಪಕ್ಷದವರು ಬಂದೂಕಿನೊಡನೆ ಹೊರಗಿದ್ದರು.

ಈಚಿನ ದಶಕಗಳಲ್ಲಿ ಈ ಪ್ರದೇಶದ ರಾಜಕೀಯದಲ್ಲಿ ಮೂಡಿರುವ ಹೊಸ ಗೆರೆ ಪ್ರಾದೇಶಿಕ ಹಿಂದುಳಿಕೆಯದು. 2002ರ ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21ನ್ನು ಕಲಬುರಗಿ ವಿಭಾಗದಲ್ಲಿಯೇ ಕಂಡಿತು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿತು. ವೃತ್ತಿ ಶಿಕ್ಷಣದ ಸ್ಥಾನಕ್ಕಾಗಿ ಭಾಲ್ಕಿಯ ಮರಾಠಿ ವಿದ್ಯಾರ್ಥಿ, ಔರಾದದ ಲಂಬಾಣಿ ವಿದ್ಯಾರ್ಥಿ, ಬೀದರದ ಉರ್ದು ವಿದ್ಯಾರ್ಥಿ ಮೂವರೂ ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆಯುವ ಅರ್ಹತಾಪತ್ರದ ನಮೂನೆ ಒಂದೇ. ಜಿಲ್ಲೆಯೊಳಗಿನ ಭಾಷೆ, ಮತಗಳ ಗೆರೆಗಳನ್ನು ಇದು ಅಡ್ಡಹಾಯುತ್ತದೆ. ಬೆಂಗಳೂರಿನ ಕಡೆಯಿಂದ ನೋಡಿದರೆ ಇದೇ ಪತ್ರ ಉತ್ತರ–ದಕ್ಷಿಣಗಳ ನಡುವಿನ ಒಂದು ಗೆರೆಯೂ ಹೌದು. ಭೂಮಿ, ಹುದ್ದೆ, ವಿದ್ಯೆಗಳ ಗೆರೆಗಳಲ್ಲಿ ಯಾವುವು ಅದರ ಮೇಲೆ ಬಂದು ಕೂಡುತ್ತಿವೆ ಎಂಬುದನ್ನು ತಾಲ್ಲೂಕುವಾರಾಗಿ ಪರಿಶೀಲಿಸುವ ಕೆಲಸ ನಮ್ಮ ಸಂಶೋಧನಾರ್ಥಿಗಳಿಗೆ ತೆರೆದಿದೆ.